ಸತ್ಯಾಂಶ: ದಕ್ಷಿಣ ಆಫ್ರಿಕಾ ಎಲ್ಲರನ್ನೂ ಕ್ಷಮಿಸಿಬಿಟ್ಟಿತೇ?

ವಿಜಯಪುರದ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಈ ಸಂದೇಶ ಮತ್ತೆ ಬಂದಿದೆ. ವರ್ಣಭೇದದ ಆಡಳಿತ ಮುಗಿದ ಮೇಲೆ ದಕ್ಷಿಣ ಆಫ್ರಿಕಾ ತಪ್ಪು ಮಾಡಿದವರನ್ನೆಲ್ಲ ಕ್ಷಮಿಸಿ, ಹಳೆಯದನ್ನು ಮರೆತಿತು ಅನ್ನುವುದು ಅದರ ಸಾರ. ಕಾಕಾ ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದಾರೆ. ಆದರೆ ನಡೆದದ್ದು ಹಾಗಲ್ಲ.

1995ರ ಕಾನೂನಿನಂತೆ ಅಲ್ಲಿ ಸತ್ಯಶೋಧನಾ ಆಯೋಗ ಬಂತು. ಮರೆಯುವುದಕ್ಕಲ್ಲ, ಕೇಳುವುದಕ್ಕೆ. 1996ರಿಂದ ವಿಚಾರಣೆಗಳು ನಡೆದವು. ಮಕ್ಕಳನ್ನು ಕಳೆದುಕೊಂಡ ತಾಯಂದಿರು ಜನರೆದುರು ಕೂತು ಮಾತಾಡಿದರು. ಅವರ ಅಳು ರೇಡಿಯೊದಲ್ಲಿ, ಟಿವಿಯಲ್ಲಿ ದೇಶಕ್ಕೆಲ್ಲ ಕೇಳಿಸಿತು. ಸುಮಾರು 21,000 ಜನ ಹೇಳಿಕೆ ಕೊಟ್ಟರು.

ತಪ್ಪು ಮಾಡಿದವರಿಗೆ ಈ ಆಯೋಗದಿಂದ ಕ್ಷಮಾದಾನ ಸುಮ್ನೆ ಸಿಗಲಿಲ್ಲ. ಅರ್ಜಿ ಹಾಕಬೇಕಿತ್ತು, ಮಾಡಿದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕಿತ್ತು, ಕೃತ್ಯದ ಹಿಂದೆ ರಾಜಕೀಯ ಉದ್ದೇಶ ಇರಬೇಕಿತ್ತು. ಪಶ್ಚಾತ್ತಾಪ ಮಾತ್ರ ಕಡ್ಡಾಯ ಇರಲಿಲ್ಲ, ನನಗೆ ನೋವಾಗುವುದು ಇದೇ. ಬಂದ ಏಳು ಸಾವಿರಕ್ಕೂ ಜಾಸ್ತಿ ಅರ್ಜಿಗಳಲ್ಲಿ ಹೆಚ್ಚಿನವು ತಿರಸ್ಕಾರವಾದವು. ನೊಂದವರಿಗೆ ಪರಿಹಾರ ತಡವಾಗಿ ಬಂತು.

ನೀವೇ ನೋಡಬಹುದು. ಆಯೋಗದ ವರದಿ ಇಂಟರ್‌ನೆಟ್‌ನಲ್ಲಿ ಉಚಿತವಾಗಿದೆ. ಇಂಗ್ಲಿಷ್ ಕಷ್ಟ ಅನಿಸಿದರೆ ಕಾಲೇಜಿಗೆ ಹೋಗುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸಂದೇಶದಲ್ಲಿ ಇಸವಿ, ಮೂಲ ಇದೆಯಾ ನೋಡಿ. ‘ಎಲ್ಲರೂ’ ಅಂತ ಇದ್ದರೆ ಅಲ್ಲೇ ಸ್ವಲ್ಪ ನಿಲ್ಲಿ.