ಥೀಸಿಸ್ ಮುಗಿಯುವ ಮುಂಚೆಯೇ ಲಿಂಕ್ಡ್‌ಇನ್ ಬೇಕೆ?

ಪರ: ನನ್ನ ಗೈಡ್‌ಗೆ ಗೊತ್ತಿದ್ದದ್ದು ಒಂದೇ ದಾರಿ

ಪಿಎಚ್.ಡಿ.ಯ ನಾಲ್ಕನೇ ವರ್ಷದಲ್ಲಿ ಒಂದು ಸಂಜೆ ನನ್ನ ಗೈಡ್ ಹತ್ತಿರ ಹೋಗಿ, "ಮೇಡಂ, ಇದು ಮುಗಿದ ಮೇಲೆ ನಾನು ಏನು ಮಾಡಬಹುದು?" ಎಂದು ಕೇಳಿದೆ. ಅವರು ಒಳ್ಳೆಯವರು. ನನ್ನ ಒಂದೊಂದು ಅಧ್ಯಾಯವನ್ನೂ ಕೆಂಪು ಪೆನ್ನು ಹಿಡಿದು ಮೂರು ಮೂರು ಸಲ ಓದಿದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪೋಸ್ಟ್‌ಡಾಕ್ ಮಾಡು. ಆಮೇಲೆ ಎಲ್ಲಾದರೂ ಪಾಠ ಹೇಳುವ ಕೆಲಸ ಸಿಗುತ್ತೆ ನೋಡು" ಎಂದರು. ಪಿಎಚ್.ಡಿ. ಆದ ಮೇಲೂ ಸ್ವಲ್ಪ ಕಾಲ ಸಂಶೋಧನೆ, ಆಮೇಲೆ ಪಾಠ: ತಾವು ನಡೆದುಬಂದ ದಾರಿಯನ್ನೇ ನನಗೂ ತೋರಿಸಿದರು. ಬೇರೆ ದಾರಿ ಅವರಿಗೆ ಗೊತ್ತಿರಲಿಲ್ಲ, ಅದು ಅವರ ತಪ್ಪೂ ಅಲ್ಲ. ಆದರೆ ಆ ವರ್ಷ ನಮ್ಮ ವಿಭಾಗದಲ್ಲಿ ಥೀಸಿಸ್ ಒಪ್ಪಿಸಲು ತಯಾರಾಗಿದ್ದವರು ಏಳು ಜನ. ಖಾಲಿ ಬೀಳಲಿದ್ದ ಅಧ್ಯಾಪಕ ಹುದ್ದೆ ಒಂದೂ ಇರಲಿಲ್ಲ.

ಲಿಂಕ್ಡ್‌ಇನ್ ಎಂಬ, ಕೆಲಸದ ಪರಿಚಯಗಳಿಗೆಂದೇ ಇರುವ ವೃತ್ತಿಪರ ಜಾಲತಾಣದ ಮಾತು ನನಗೆ ಇಲ್ಲಿಂದಲೇ ಶುರುವಾಗುತ್ತದೆ. ಅದು ಬೇಡ ಎನ್ನುವವರು ಮಾತ್ರ ಯಾವಾಗಲೂ ಬೇರೆ ಕಡೆಯಿಂದ ಶುರು ಮಾಡುತ್ತಾರೆ: ಅಲ್ಲಿ ಬರೀ ಬಡಾಯಿ, ಬರೀ ತುತ್ತೂರಿ, ಓದುವ ಹುಡುಗರಿಗೆ ಅದೆಲ್ಲ ಯಾಕೆ ಅಂತ. ಹಾಗೆ ಹೇಳುವವರನ್ನು ನಾನು ಗಮನಿಸಿ ನೋಡಿದ್ದೇನೆ. ಹೆಚ್ಚಿನವರಿಗೆ ಆಗಲೇ ಕೆಲಸ ಸಿಕ್ಕಿರುತ್ತದೆ. ಇಲ್ಲವೇ, ಒಂದು ಫೋನ್ ಮಾಡಿದರೆ ವಿದ್ಯಾರ್ಥಿಗೆ ಎಲ್ಲಾದರೂ ಜಾಗ ಮಾಡಿಕೊಡಬಲ್ಲ ದೊಡ್ಡ ಹೆಸರಿನ ಗೈಡ್ ಅವರ ಬೆನ್ನಿಗಿರುತ್ತಾರೆ. ದೊಡ್ಡ ಲ್ಯಾಬ್ ಸೇರಿದವರಿಗೆ ಪರಿಚಯಗಳು ಸೀಟಿನ ಜೊತೆಗೇ ಬರುತ್ತವೆ. ನಮ್ಮಂಥವರು ಒಂದೊಂದಾಗಿ ಕಟ್ಟಿಕೊಳ್ಳಬೇಕು. ಕಟ್ಟಿಕೊಳ್ಳಲು ಇರುವ ಒಂದೇ ಜಾಗವನ್ನೂ "ಬಡಾಯಿ" ಎಂದು ಮುಚ್ಚಿಬಿಟ್ಟರೆ ನಾವು ಎಲ್ಲಿಗೆ ಹೋಗಬೇಕು?

ನನ್ನ ವಿಷಯ ಅಂತರ್ಜಲ. ಬಾವಿಗಳ ನೀರಿನ ಮಟ್ಟವನ್ನು ವರ್ಷಗಟ್ಟಲೆ ಅಳೆದು, ಮಾಡ್‌ಫ್ಲೋ ಎಂಬ ತಂತ್ರಾಂಶದಲ್ಲಿ ನೆಲದಡಿಯ ಹರಿವಿನ ಮಾದರಿ ಕಟ್ಟುವ ಕೆಲಸ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆ 1980ರ ದಶಕದಲ್ಲಿ ಹೊರತಂದ ಈ ತಂತ್ರಾಂಶವನ್ನು ಇವತ್ತಿಗೂ ಜಗತ್ತಿನಾದ್ಯಂತ ಬಳಸುತ್ತಾರೆ. ವಿಶ್ವವಿದ್ಯಾಲಯದ ಆಚೆ ಅದನ್ನು ದಿನವೂ ಬಳಸಿ ಸಂಬಳ ತೆಗೆದುಕೊಳ್ಳುವವರು ಯಾರು? ನಾಲ್ಕು ವರ್ಷ ಅದರಲ್ಲೇ ಮುಳುಗಿದ್ದ ನನಗೆ ಈ ಪ್ರಶ್ನೆಗೆ ಉತ್ತರ ಗೊತ್ತಿರಲಿಲ್ಲ.

ಲಿಂಕ್ಡ್‌ಇನ್‌ನಲ್ಲಿ ಪ್ರತಿ ವಿಶ್ವವಿದ್ಯಾಲಯದ ಪುಟದಲ್ಲೂ ಹಳೆಯ ವಿದ್ಯಾರ್ಥಿಗಳ ಒಂದು ವಿಭಾಗ ಇರುತ್ತದೆ. ಓದಿದ ವಿಷಯ, ಈಗಿರುವ ಊರು, ಮಾಡುತ್ತಿರುವ ಕೆಲಸ, ಹೀಗೆ ಬೇಕಾದ ಹಾಗೆ ಸೋಸಿಕೊಳ್ಳಬಹುದು. ಅಲ್ಲಿ ಹುಡುಕುತ್ತಾ ಹೋದಾಗ ನಮ್ಮದೇ ವಿಭಾಗದಲ್ಲಿ ನನಗಿಂತ ಎಂಟು ವರ್ಷ ಮುಂಚೆ ಓದಿದ ಒಬ್ಬ ಅಕ್ಕ ಕಂಡರು. ಗಣಿಗಳಿಗೆ ಸಲಹೆ ಕೊಡುವ ಒಂದು ಸಣ್ಣ ಕಂಪನಿಯಲ್ಲಿದ್ದರು. ಅವರ ಹೆಸರನ್ನು ನಮ್ಮ ವಿಭಾಗದಲ್ಲಿ ಯಾರೂ ಒಮ್ಮೆಯೂ ಎತ್ತಿರಲಿಲ್ಲ. ಪಾಠ ಹೇಳುವ ಕೆಲಸಕ್ಕೆ ಹೋಗದವರು ನಮ್ಮಲ್ಲಿ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅವರಿಗೆ ಬರೆದ ಸಂದೇಶವನ್ನು ನಾನು ಮೂರು ಸಲ ಬರೆದೆ. ಮೊದಲನೆಯದು ಹೀಗಿತ್ತು: "ನಮಸ್ತೆ ಮೇಡಂ, ನಾನು ಪಿಎಚ್.ಡಿ. ಮುಗಿಸುತ್ತಿದ್ದೇನೆ, ನಿಮ್ಮ ಕಂಪನಿಯಲ್ಲಿ ಅವಕಾಶ ಇದ್ದರೆ ದಯವಿಟ್ಟು ತಿಳಿಸಿ." ಓದಿದರೆ ನನಗೇ ಕಸಿವಿಸಿ. ಮುಖ ನೋಡದವರ ಮುಂದೆ ಏಕ್‌ದಂ ಕೈ ಚಾಚಿದ ಹಾಗೆ. ಎರಡನೆಯದರಲ್ಲಿ ನನ್ನ ಪೂರ್ತಿ ಬಯೋಡೇಟಾ ತುಂಬಿದ್ದೆ. ಮೂರನೆಯದು ಇದು: "ನಾನೂ ನಿಮ್ಮ ವಿಭಾಗದವಳೇ, ಮಾಡ್‌ಫ್ಲೋ ಮೇಲೆ ಕೆಲಸ ಮಾಡುತ್ತಿದ್ದೇನೆ. ಸಂಶೋಧನೆಯ ಮಾದರಿಗೂ ಗಣಿಗಾಗಿ ಕಟ್ಟುವ ಮಾದರಿಗೂ ವ್ಯತ್ಯಾಸ ಏನು ಎಂದು ತಿಳಿಯುವ ಆಸೆ. ಇಪ್ಪತ್ತು ನಿಮಿಷ ಮಾತಾಡಲು ಬಿಡುವಾಗುತ್ತದೆಯೇ?" ಅಷ್ಟನ್ನೇ ಕಳಿಸಿದೆ. ಹನ್ನೊಂದು ದಿನ ಉತ್ತರವಿಲ್ಲ. ಹನ್ನೆರಡನೇ ದಿನ ಬಂತು: "ಭಾನುವಾರ ಸಂಜೆ ಫೋನ್ ಮಾಡು."

ಆ ಅಕ್ಕ ನನಗೆ ಕೆಲಸ ಕೊಡಿಸಲಿಲ್ಲ, ನಾನು ಕೇಳಲೂ ಇಲ್ಲ. ಗಣಿಗುಂಡಿ ಒಣಗಿರಬೇಕಾದರೆ ದಿನಕ್ಕೆ ಎಷ್ಟು ನೀರು ಎತ್ತಬೇಕು ಎಂಬುದೇ ಅವರ ಕಂಪನಿಯ ಮುಖ್ಯ ಪ್ರಶ್ನೆ ಎಂದು ಹೇಳಿದರು. ನನ್ನ ಮೂರನೇ ಅಧ್ಯಾಯ ಇತ್ತಲ್ಲ, ಮಾದರಿಯ ಲೆಕ್ಕದಲ್ಲಿ ಎಷ್ಟರ ಮಟ್ಟಿಗೆ ಅನಿಶ್ಚಿತತೆ ಇದೆ ಎಂದು ತೋರಿಸುವ ಅಧ್ಯಾಯ, ಅದು ಬರೀ ಪರೀಕ್ಷಕರಿಗಾಗಿ ಬರೆದದ್ದು ಅಂದುಕೊಂಡಿದ್ದೆ. "ಅಯ್ಯೋ, ನಾವು ಹುಡುಕೋದೇ ಅದನ್ನ ಬಲ್ಲವರನ್ನ" ಎಂದರು ಅವರು. ನನ್ನ ಕೋಡ್‌ಗಳನ್ನು ಒಪ್ಪ ಮಾಡಿ ಬೇರೆಯವರು ನೋಡುವ ಹಾಗೆ ಗಿಟ್‌ಹಬ್‌ನಲ್ಲಿ ಇಡು ಎಂದರು. ಕೊನೆಯ ಒಂದು ವರ್ಷ ನಾನು ಮಾಡಿದ ಕೆಲಸವೆಲ್ಲ ಆ ಇಪ್ಪತ್ತು ನಿಮಿಷದ ಮೇಲೆ ನಿಂತಿದೆ. ಕೆಲಸ ಸಿಕ್ಕಿದ್ದು ಬೇರೆ ಕಡೆ. ಆದರೆ ಸಂದರ್ಶನದಲ್ಲಿ ಅವರು ಕೇಳಿದ ಮೊದಲ ಪ್ರಶ್ನೆಯೇ ಮೂರನೇ ಅಧ್ಯಾಯದ ಮೇಲೆ.

ಇದು ನನ್ನೊಬ್ಬಳ ಅದೃಷ್ಟ ಅನ್ನಬೇಡಿ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ಇದನ್ನು ತೋರಿಸಿದ್ದಾರೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಹಿಡಿದು, ಆ ಪರಿಚಯಸ್ಥರನ್ನು ನೀವು ಎಷ್ಟು ಸಲ ಭೇಟಿಯಾಗುತ್ತಿದ್ದಿರಿ ಎಂದು ಅವರು ಕೇಳಿದರು. ಮೇಲಿಂದ ಮೇಲೆ ಎಂದವರು ಶೇ 16.7. ಆಗೊಮ್ಮೆ ಈಗೊಮ್ಮೆ ಎಂದವರು ಶೇ 55.6. ತೀರಾ ಅಪರೂಪ ಎಂದವರು ಶೇ 27.8. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಆಗಲೇ ಗೊತ್ತಿರುತ್ತದೆ. ಒಂದೇ ಲ್ಯಾಬಿನ ಐದು ಜನ ಒಬ್ಬರನ್ನೊಬ್ಬರು ಕೇಳಿದರೆ ಹೊಸ ಸುದ್ದಿ ಎಲ್ಲಿಂದ ಬರಬೇಕು? ಐದು ವರ್ಷಗಳಲ್ಲಿ 2 ಕೋಟಿ ಲಿಂಕ್ಡ್‌ಇನ್ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಅಲ್ಲೂ ಕೆಲಸ ಬದಲಾಯಿಸಲು ಹೆಚ್ಚು ನೆರವಾದದ್ದು ದೂರದ ಪರಿಚಯವೇ. ತೀರಾ ದೂರದ್ದಲ್ಲ, ನಡುವೆ ಸುಮಾರು ಹತ್ತು ಜನ ಇಬ್ಬರಿಗೂ ಗೊತ್ತಿರುವಂಥದ್ದು. ಎಂಟು ವರ್ಷ ಹಿಂದೆ ನಿಮ್ಮದೇ ವಿಭಾಗದಲ್ಲಿ ಓದಿದವರು ಅಂದರೆ ಸರಿಯಾಗಿ ಅದೇ ದೂರ.

ಹಾಗಾಗಿ ಎರಡನೇ ವರ್ಷದಲ್ಲೇ ಪ್ರೊಫೈಲ್ ಮಾಡಿಕೊಳ್ಳಿ ಎನ್ನುತ್ತೇನೆ. ಹೆಸರಿನ ಕೆಳಗಿನ ಸಾಲಿನಲ್ಲಿ 220 ಅಕ್ಷರಗಳಿಗೆ ಜಾಗವಿದೆ. ಅಷ್ಟನ್ನೂ ಬಿಟ್ಟು "ಸಂಶೋಧನಾ ವಿದ್ಯಾರ್ಥಿ" ಎಂದಷ್ಟೇ ಬರೆದುಕೊಂಡರೆ ನಿಮ್ಮನ್ನು ಹುಡುಕುವವರಿಗೆ ನೀವು ಸಿಗುವುದಿಲ್ಲ. ಏನು ಮಾಡಬಲ್ಲಿರಿ ಅದನ್ನು ಬರೆಯಿರಿ: ಮಾದರಿ ಕಟ್ಟುತ್ತೇನೆ, ಇಂಥ ತಂತ್ರಾಂಶ ಬರುತ್ತದೆ, ಇಂಥ ದತ್ತಾಂಶ ಸೋಸಿದ್ದೇನೆ. ಸಂಶೋಧಕರಿಗೆ ಆರ್ಕಿಡ್ (ORCID) ಎಂಬ 16 ಅಂಕಿಗಳ ಗುರುತು ಸಂಖ್ಯೆ ಪುಕ್ಕಟೆ ಸಿಗುತ್ತದೆ. ನಿಮ್ಮದೇ ಹೆಸರಿನ ಇನ್ನೊಬ್ಬರ ಪ್ರಬಂಧ ನಿಮ್ಮ ತಲೆಗೆ ಬರದಂತೆ ಅದು ಕಾಯುತ್ತದೆ, ಅದನ್ನೂ ಜೊತೆಗೆ ಹಾಕಿ. ದಿನವೂ ಪೋಸ್ಟ್ ಹಾಕಬೇಕೆಂದು ಯಾರೂ ಹೇಳಿಲ್ಲ, ನಾನು ಇವತ್ತಿಗೂ ಹಾಕುವುದಿಲ್ಲ. ಸಮಯ ಹಾಳಾಗುತ್ತದೆ ಎಂಬ ದೂರು ಇದ್ದೇ ಇದೆ. ಸಮಯವಂತೂ ಎಲ್ಲದಕ್ಕೂ ಬೇಕು.

ಈಗ ನನಗೂ ಅಂಥ ಸಂದೇಶಗಳು ಬರುತ್ತವೆ. ಹನ್ನೆರಡು ದಿನ ಕಾಯಿಸುವುದಿಲ್ಲ.

ವಿರೋಧ: ನೋಟ್‌ಬುಕ್ಕಿನ ಕೊನೆಯ ಪುಟ

ವಿರೋಧದ ಕಡೆ ಬರೆಯಲು ನನ್ನನ್ನು ಕೇಳಿದ್ದಾರೆ, ಬರೆಯುತ್ತೇನೆ. ಮೊದಲೇ ಹೇಳಿಬಿಡುತ್ತೇನೆ: ನನ್ನ ಖಾತೆಯೂ ಅಲ್ಲಿದೆ, ತಿಂಗಳಿಗೊಮ್ಮೆ ತೆರೆಯುತ್ತೇನೆ. ಬೇಡವೇ ಬೇಡ ಎನ್ನುವಷ್ಟು ಗಟ್ಟಿಯಾಗಿ ನಾನು ಈ ಪಕ್ಷದಲ್ಲಿಲ್ಲ. ಆದರೂ ವಿದ್ಯಾರ್ಥಿಗಳಿಗೆ ಯಾರಾದರೂ ಹೇಳಲೇಬೇಕಾದ ಕೆಲವು ಸಂಗತಿಗಳಿವೆ.

ಒಂದು, ಇದು ಧರ್ಮಕ್ಕೆ ಇಟ್ಟ ಅರವಟ್ಟಿಗೆ ಅಲ್ಲ, ವ್ಯಾಪಾರ. 2016ರಲ್ಲಿ ಮೈಕ್ರೋಸಾಫ್ಟ್ ಲಿಂಕ್ಡ್‌ಇನ್ನನ್ನು 2,620 ಕೋಟಿ ಡಾಲರ್ ಕೊಟ್ಟು ಕೊಂಡಿತು. ಕೊಂಡದ್ದು ಮುಖ್ಯವಾಗಿ ಅಲ್ಲಿರುವ ಜನರ ವಿವರಗಳನ್ನು. 2012ರಲ್ಲಿ ಅಲ್ಲಿಂದ ಪಾಸ್‌ವರ್ಡ್‌ಗಳು ಕಳುವಾದವು, ಆ ಕಳುವು 11 ಕೋಟಿಗೂ ಹೆಚ್ಚು ಖಾತೆಗಳಷ್ಟು ದೊಡ್ಡದೆಂದು ಹೊರಬಿದ್ದದ್ದು ನಾಲ್ಕು ವರ್ಷದ ನಂತರ. 2024ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ, ಸದಸ್ಯರ ನಡವಳಿಕೆಯನ್ನು ಅಳೆದು ಜಾಹೀರಾತಿಗೆ ಬಳಸಿದ ರೀತಿ ಕಾನೂನಿಗೆ ಸರಿಹೊಂದುವುದಿಲ್ಲವೆಂದು 31 ಕೋಟಿ ಯೂರೋ ದಂಡ ಹಾಕಿತು. ಇಪ್ಪತ್ತಮೂರು ವರ್ಷದ ಹುಡುಗಿಯೊಬ್ಬಳು ತನ್ನ ಫೋಟೊ, ಓದು, ಊರು, ಇಮೇಲ್ ಎಲ್ಲವನ್ನೂ ಅಲ್ಲಿ ಹರವಿ ಇಡುವ ಮುಂಚೆ ಇಷ್ಟು ತಿಳಿದಿರಲಿ. ನೇಮಕಾತಿಯವರೆಂದು ಹೇಳಿಕೊಂಡು ಬಂದು, ಎರಡು ದಿನ ಸವಿಮಾತಾಡಿ, ಮೂರನೇ ದಿನ "ಪ್ರೊಸೆಸಿಂಗ್ ಫೀ" ಕೇಳುವವರು ಅಲ್ಲೇ ಇರುತ್ತಾರೆ.

ಇನ್ನೊಂದು, ಪ್ರಯೋಗ ಮುಗಿಯುವ ಮೊದಲೇ ಫಲಿತಾಂಶದ ಚಿತ್ರ ಹಾಕುವ ಚಟ. ಪೇಟೆಂಟ್ ಅರ್ಜಿ ಹಾಕುವ ಮುಂಚೆ ನೀವೇ ಬಹಿರಂಗ ಮಾಡಿದ ಸಂಗತಿ, ಕಾನೂನಿನ ಕಣ್ಣಿಗೆ ಹೊಸತಾಗಿ ಉಳಿಯದೇ ಹೋಗಬಹುದು. ಅಮೆರಿಕದಲ್ಲಿ 1 ವರ್ಷದ ರಿಯಾಯಿತಿ ಇದೆ, ಯುರೋಪಿನ ಪೇಟೆಂಟಿಗೆ ಅಷ್ಟೂ ಇಲ್ಲ. ಪೋಸ್ಟರ್ ಮುಂದೆ ನಿಂತು ತೆಗೆಸಿಕೊಂಡ ಫೋಟೊದಲ್ಲಿ ಹಿಂದಿನ ಗ್ರಾಫ್ ಸ್ಪಷ್ಟವಾಗಿ ಓದಲು ಸಿಗುವುದನ್ನು ನಾನೇ ಕಂಡು, ಆ ಪೋಸ್ಟನ್ನು ತೆಗೆದುಹಾಕಿಸಿದ್ದೇನೆ.

ಪರ ಬರೆಯುವವರು ದೂರದ ಪರಿಚಯದ ಅಧ್ಯಯನಗಳನ್ನು ಎತ್ತಿಯೇ ಎತ್ತುತ್ತಾರೆ. 2022ರ ಅಧ್ಯಯನದ ಲೇಖಕರಲ್ಲಿ ಆ ಕಂಪನಿಯಲ್ಲಿ ಕೆಲಸ ಮಾಡಿದವರೂ ಇದ್ದರು. 1973ರಲ್ಲಿ ಈ ಜಾಲತಾಣಗಳೇ ಇರಲಿಲ್ಲ. ಐನೂರು ಜನರಿಗೆ ಗುಂಡಿ ಒತ್ತಿದರೆ ಐನೂರು ಪರಿಚಯ ಆಗಿಬಿಡುತ್ತದೆಯೇ? ಗೈಡ್‌ಗೆ ಹೊರಗಿನ ಲೋಕ ಗೊತ್ತಿಲ್ಲ ಎಂಬ ದೂರಿಗೆ ವಿಭಾಗಗಳು ಉತ್ತರ ಹುಡುಕಬೇಕು. ಹಳೆಯ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಕರೆಸಿ ಕೂರಿಸುವುದು ಅಷ್ಟೇನೂ ಕಷ್ಟವಲ್ಲ.

ಇಷ್ಟನ್ನೂ ನನ್ನನ್ನು ಕೇಳಿದ್ದಕ್ಕೆ ಬರೆದೆ. ಇನ್ನೊಂದನ್ನು ಯಾರೂ ಕೇಳದಿದ್ದರೂ ಬರೆಯುತ್ತಿದ್ದೆ.

ನನ್ನ ಬಳಿ ಒಬ್ಬ ಹುಡುಗನಿದ್ದ. ಒಂದು ಪ್ರೋಟೀನನ್ನು ಹರಳುಗಟ್ಟಿಸುವುದು ಅವನ ಕೆಲಸ. ಹರಳು ಬಂದರೆ ಎಕ್ಸ್-ಕಿರಣ ಹಾಯಿಸಿ ಅದರ ರಚನೆ ಕಾಣಬಹುದು, ಬಾರದಿದ್ದರೆ ಏನೂ ಇಲ್ಲ. ಉಪ್ಪು ಬದಲಿಸಬೇಕು, ಆಮ್ಲೀಯತೆ ಬದಲಿಸಬೇಕು, ಉಷ್ಣತೆ ಬದಲಿಸಬೇಕು, ಕಾಯಬೇಕು. ಎಂಟು ತಿಂಗಳು ಬರೀ ಮಬ್ಬು ಹನಿಗಳು. ನಾನು ನಿಗಾ ಇಟ್ಟಿದ್ದೇನೆ ಅಂದುಕೊಂಡಿದ್ದೆ. ಒಂದು ದಿನ ಅವನ ಲ್ಯಾಬ್ ನೋಟ್‌ಬುಕ್ಕಿಗೆ ಸಹಿ ಹಾಕುತ್ತಾ ತಿರುವಿದಾಗ ಕೊನೆಯ ಪುಟ ತೆರೆದುಕೊಂಡಿತು. ಸ್ಕೇಲ್ ಇಟ್ಟು ಎಳೆದ ಮೂರು ಕಾಲಂ. ಮೊದಲನೆಯದರಲ್ಲಿ ಹೆಸರು, ಎರಡನೆಯದರಲ್ಲಿ ತಾರೀಖು, ಮೂರನೆಯದರಲ್ಲಿ ಎರಡೇ ಪದ: "ಪೋಸ್ಟ್‌ಡಾಕ್, ಸಿಕ್ಕಿತು", "ಫೆಲೋಶಿಪ್, ಸಿಕ್ಕಿತು", "ಕಂಪನಿ, ಸೇರಿದ". ಹದಿನೇಳು ಸಾಲು. ಕೊನೆಯ ಸಾಲಿನಲ್ಲಿ ಅವನದೇ ಹೆಸರು, ಮುಂದಿನ ಎರಡೂ ಕಾಲಂ ಖಾಲಿ.

"ಏನಪ್ಪಾ ಇದು?" ಎಂದೆ. "ಸರ್, ರಾತ್ರಿ ಫೋನ್ ನೋಡ್ತಾ ಬರೆದಿಟ್ಟೆ" ಎಂದ. ಅವನ ಜೊತೆಗೆ ಓದಿದವರು ಒಬ್ಬೊಬ್ಬರಾಗಿ "ತಿಳಿಸಲು ಸಂತೋಷವಾಗುತ್ತಿದೆ" ಎಂದು ಹಾಕುತ್ತಿದ್ದ ಸುದ್ದಿಗಳು ಅವು. ಮಬ್ಬು ಹನಿಯ ಫೋಟೊವನ್ನು ಯಾರೂ ಹಾಕುವುದಿಲ್ಲ. ಉಳಿದ ಹದಿನಾರು ಜನರಲ್ಲಿ ಎಷ್ಟು ಜನ ಆ ಮೊದಲು ಎಂಟು ತಿಂಗಳು ಅತ್ತಿದ್ದರೋ ಅವನಿಗೆ ಕಾಣುವ ದಾರಿಯೇ ಇರಲಿಲ್ಲ. ಮೂರು ತಿಂಗಳಿಂದ ಥೀಸಿಸ್ ಫೈಲ್ ತೆರೆದೇ ಇಲ್ಲ ಎಂದು ಆಮೇಲೆ ಹೇಳಿದ.

ಖಾತೆ ಅಳಿಸು ಎಂದು ನಾನು ಹೇಳಲಿಲ್ಲ, ಅವನೇ ಅಳಿಸಿದ. ಹರಳು ಕೊನೆಗೂ ಬರಲಿಲ್ಲ. ಬೇರೆ ವಿಧಾನ ಹಿಡಿದು ಥೀಸಿಸ್ ಮುಗಿಸಿದ. ಒಂದು ಸಮ್ಮೇಳನದಲ್ಲಿ ಪೋಸ್ಟರ್ ಮುಂದೆ ನಿಂತು, ಯಾಕೆ ಬರಲಿಲ್ಲ ಎಂಬುದನ್ನು ಅವನು ವಿವರಿಸುವುದನ್ನು ಅರ್ಧ ಗಂಟೆ ನಿಂತು ಕೇಳಿದವರೊಬ್ಬರು ಮುಂದೆ ತಮ್ಮ ಲ್ಯಾಬಿಗೆ ಕರೆಸಿಕೊಂಡರು.

ಆ ನೋಟ್‌ಬುಕ್ ಇನ್ನೂ ನಮ್ಮ ಲ್ಯಾಬಿನ ಕಪಾಟಿನಲ್ಲಿದೆ. ಹೋಗುವ ದಿನ ಅವನು ಆ ಪುಟ ಹರಿಯಬಹುದೇ ಎಂದು ಕೇಳಿದ. ಲ್ಯಾಬ್ ನೋಟ್‌ಬುಕ್ಕಿನಿಂದ ಯಾವ ಪುಟವನ್ನೂ ಹರಿಯಬಾರದು ಎಂದು ಅವನಿಗೆ ಕಲಿಸಿದವನು ನಾನೇ. ಅಡ್ಡಗೆರೆ ಎಳೆದು, ತಾರೀಖು ಹಾಕಿ, ಸಹಿ ಮಾಡಿ ಹೋದ.