ಡ್ಯಾಫ್ನಿ ಎಂಬ ಎಲೆ

ಡ್ಯಾಫ್ನಿ ಎನ್ನುವ ಹೆಸರು ಕಿವಿಗೆ ಮುದ್ದಾಗಿದೆ. ಗ್ರೀಕರ ಅಡುಗೆಮನೆಯಲ್ಲಿ ಮಾತ್ರ ಅದು ಬೇಳೆ ಸೂಪಿಗೆ ಹಾಕುವ ಎಲೆ. ನಮ್ಮ ಪಲಾವ್ ಎಲೆಯ ದೂರದ ನೆಂಟ ಅನ್ನಬಹುದು. ನಮ್ಮದು ದಾಲ್ಚಿನ್ನಿ ಜಾತಿಯ ಮರದ್ದು, ಉದ್ದಕ್ಕೆ ಮೂರು ನರ ಇರುತ್ತವೆ. ಅವರದ್ದರಲ್ಲಿ ನಡುವೆ ಒಂದೇ.

ಹುಡುಗಿ ಎಲೆಯಾದ ಕಥೆಯನ್ನು ರೋಮ್‌ನ ಕವಿ ಓವಿಡ್ ಸೊಗಸಾಗಿ ಹೇಳಿದ್ದಾನೆ. ಡ್ಯಾಫ್ನಿ ಪೆನೆಯಸ್ ಎಂಬ ನದಿದೇವನ ಮಗಳು. ಕಾಡು ಸುತ್ತುವುದೆಂದರೆ ಪ್ರಾಣ, ಮದುವೆ ಬೇಡವೇ ಬೇಡ. ಅಪ್ಪನದು ಒಂದೇ ವರಾತ: ಅಳಿಯ ಬೇಕು, ಮೊಮ್ಮಕ್ಕಳು ಬೇಕು. ಅಪ್ಪಂದಿರು ಎಲ್ಲ ಕಾಲಕ್ಕೂ ಒಂದೇ ಬಿಡಿ.

ಇತ್ತ ಅಪೊಲೊ ಎಂಬ ದೇವರು ಸುಮ್ನೆ ಪ್ರೇಮದೇವ ಕ್ಯುಪಿಡ್‌ನ ಬಿಲ್ಲನ್ನು ಗೇಲಿ ಮಾಡಿದ. ಆ ಪೋರ ಅಪೊಲೊಗೆ ಚಿನ್ನದ ಬಾಣ ಹೊಡೆದ, ಡ್ಯಾಫ್ನಿಗೆ ಸೀಸದ್ದು. ಚಿನ್ನದ್ದು ಪ್ರೀತಿ ಹುಟ್ಟಿಸುತ್ತದೆ, ಸೀಸದ್ದು ಓಡಿಸುತ್ತದೆ. ಅವಳು ಓಡಿದಳು, ಇವನು ಬೆನ್ನು ಹತ್ತಿದ.

ಓಡುತ್ತಲೇ ಅವನು ಆಡುವ ಮಾತುಗಳು ನನಗೆ ಭಾರಿ ಇಷ್ಟ. ನಾನು ಕುರುಬ ಅಲ್ಲ, ನಮ್ಮಪ್ಪ ದೇವತೆಗಳ ರಾಜ ಜುಪಿಟರ್, ವೈದ್ಯವಿದ್ಯೆ ಕಂಡುಹಿಡಿದವನೇ ನಾನು! ವಧು ನೋಡಲು ಬಂದವನು ಸಂಬಳ ಹೇಳಿಕೊಂಡ ಹಾಗೆ. ಅದರ ನಡುವೆ, ಬಿದ್ದು ಮುಳ್ಳು ತರಚೀತು, ನೀನು ನಿಧಾನ ಓಡು, ನಾನೂ ನಿಧಾನ ಅಟ್ಟಿಸಿಕೊಂಡು ಬರುತ್ತೇನೆ ಎಂಬ ಕಾಳಜಿ ಬೇರೆ.

ಅವಳು ಸುಸ್ತಾಗಿ ಅಪ್ಪನನ್ನು ಕೂಗಿದಳು. ಮೈಗೆ ತೊಗಟೆ ಬಂತು, ಕೂದಲು ಎಲೆಯಾಯಿತು, ಕಾಲು ಬೇರು ಬಿಟ್ಟಿತು. ಬರ್ನಿನಿ ಎಂಬ ಶಿಲ್ಪಿ 1622ರಿಂದ 1625ರವರೆಗೆ ಇದೇ ಗಳಿಗೆಯನ್ನು ಅಮೃತಶಿಲೆಯಲ್ಲಿ ಕೆತ್ತಿದ. ರೋಮ್‌ನ ಬೋರ್ಗೀಸ್ ಗ್ಯಾಲರಿಯಲ್ಲಿದೆ. ಅವಳ ಬೆರಳ ತುದಿಯಲ್ಲಿ ಚಿಗುರುವ ಎಲೆಗಳು ಕಲ್ಲೆಂದು ನಂಬುವುದೇ ಕಷ್ಟ.

ಅಪೊಲೊ ಅಷ್ಟಕ್ಕೂ ಬಿಡಲಿಲ್ಲ. ಮರವನ್ನು ಅಪ್ಪಿ ಮುತ್ತಿಟ್ಟರೆ ತೊಗಟೆ ಕೂಡ ಹಿಂದೆ ಸರಿಯಿತಂತೆ. ಹೆಂಡತಿ ಆಗದಿದ್ದರೇನು, ನನ್ನ ಮರವಂತೂ ಆಗುತ್ತೀಯ ಅಂದುಬಿಟ್ಟ. ಗ್ರೀಸ್‌ನಲ್ಲಿ ಅವನ ಊರಾದ ಡೆಲ್ಫಿಯಲ್ಲಿ ಹಿಂದೆ ನಡೆಯುತ್ತಿದ್ದ ಪಂದ್ಯಗಳಲ್ಲಿ ಗೆದ್ದವರ ತಲೆಗೆ ಇದೇ ಎಲೆಯ ಕಿರೀಟ. ಒಲಿಂಪಿಕ್ಸ್ ನಡೆಯುತ್ತಿದ್ದ ಒಲಿಂಪಿಯಾದಲ್ಲಿ ಕೊಡುತ್ತಿದ್ದದ್ದು ಆಲಿವ್ ಎಲೆಯದು, ಜನ ಎರಡನ್ನೂ ಕಲೆಸುವುದೇ ಜಾಸ್ತಿ. ಬೇಡ ಎಂದವಳನ್ನೇ ತಲೆ ಮೇಲೆ ಇಟ್ಟುಕೊಂಡು ಮೆರೆಯುವುದನ್ನು ಭಂಡತನ ಎನ್ನದೆ ಇನ್ನೇನೆನ್ನಬೇಕೋ!

ಅವನ ಮಾತಿಗೆ ಮರ ಒಪ್ಪಿ ತಲೆಯಾಡಿಸಿದ ಹಾಗೆ ಕಂಡಿತು ಎಂದು ಓವಿಡ್ ಬರೆಯುತ್ತಾನೆ. ಕಂಡಿತು, ಅಷ್ಟೇ. ಹೊಳೆ ದಂಡೆಯ ಮರ, ಗಾಳಿ ಬೀಸಿರಬೇಕು.