ಮೊದಲು ಚಿಪ್‌ಗೆ ನಿದ್ದೆ ಮಾಡಲು ಬಿಡಿ

ಮನೆಗೆ ಆಟೊಮೇಷನ್ ಮಾಡ್ತೀನಿ ಅಂತ ಹೊರಟವರು ಸಾಮಾನ್ಯವಾಗಿ ಬಲ್ಬಿನಿಂದ ಶುರು ಮಾಡುತ್ತಾರೆ. ಮೊಬೈಲಲ್ಲಿ ಒತ್ತಿದರೆ ಹಾಲಿನ ಲೈಟ್ ಹತ್ತುತ್ತದೆ. ಎರಡು ದಿನ ಮಜಾ. ಆಮೇಲೆ ಮನೆಯವರೆಲ್ಲ ಮತ್ತೆ ಗೋಡೆಯ ಸ್ವಿಚ್ಚಿಗೇ ಕೈ ಹಾಕುತ್ತಾರೆ. ನನ್ನನ್ನು ಕೇಳಿದರೆ, ನಮ್ಮ ಮನೆಗಳಲ್ಲಿ ಇದು ನಿಜವಾಗಿ ಬೇಕಿರುವುದು ತಾರಸಿ ಮೇಲಿನ ನೀರಿನ ಟ್ಯಾಂಕಿಗೆ. ಕೆಳಗೆ ಸಂಪು, ಮೇಲೆ ಟ್ಯಾಂಕು, ಮಧ್ಯೆ ಮೋಟರ್. "ರೀ, ನಿಮ್ಮ ಟ್ಯಾಂಕ್ ತುಂಬಿ ಸುರೀತಿದೆ" ಅಂತ ಪಕ್ಕದ ಮನೆಯವರು ಕೂಗುವುದೇ ಸದ್ಯಕ್ಕೆ ಬಹಳ ಕಡೆ ಇರುವ ಸೆನ್ಸರ್.

ನೀರಿನ ಮಟ್ಟ ನೋಡಿ ಕೆಳಗೆ ಸುದ್ದಿ ಕಳಿಸುವ ಚಿಪ್ ಮೇಲೇ ಇರಬೇಕು, ಆದರೆ ತಾರಸಿಯಲ್ಲಿ ಪ್ಲಗ್ ಪಾಯಿಂಟ್ ಇರುವುದಿಲ್ಲ. ಹಾಗಾಗಿ ಬ್ಯಾಟರಿಯೇ ಗತಿ. ಅಸಲಿ ಆಟ ಶುರುವಾಗುವುದು ಇಲ್ಲಿ.

ಎಲ್ಲರ ಕೈಗೂ ಮೊದಲು ಸಿಗುವುದು ಇಎಸ್‌ಪಿ8266. ಶಾಂಘೈನ ಎಸ್ಪ್ರೆಸಿಫ್ ಕಂಪನಿಯ ಈ ವೈಫೈ ಚಿಪ್ 2014ರಲ್ಲಿ ಹವ್ಯಾಸಿಗಳ ಕೈಗೆ ಬಂತು. ಇವತ್ತು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಯಾವ ಅಂಗಡಿಯಲ್ಲಿ ಕೇಳಿದರೂ ಈ ಚಿಪ್ ಕೂರಿಸಿರುವ ನೋಡ್‌ಎಂಸಿಯು ಬೋರ್ಡ್ ಎತ್ತಿ ಕೊಡುತ್ತಾರೆ. ವೈಫೈ ಆನ್ ಇಟ್ಟರೆ ಸರಾಸರಿ 75 ಮಿಲಿಆಂಪ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. 2500 ಎಂಎಎಚ್ (ಮಿಲಿಆಂಪ್-ಗಂಟೆ) ಹಿಡಿಸುವ 18650 ಲಿಥಿಯಂ ಸೆಲ್ ಒಂದೂವರೆ ದಿನಕ್ಕೆ ಖಾಲಿ.

ಅದೇ ಚಿಪ್ ಗಾಢ ನಿದ್ದೆಗೆ, ಅಂದರೆ ಡೀಪ್ ಸ್ಲೀಪ್‌ಗೆ ಹೋದರೆ ಬೇಕಾಗುವುದು ಸುಮಾರು 20 ಮೈಕ್ರೋಆಂಪ್. ಅಂದರೆ ಸಾವಿರಾರು ಪಟ್ಟು ಕಮ್ಮಿ. ಬೋರ್ಡಿನ ಡಿ0 ಪಿನ್ನನ್ನು ರೀಸೆಟ್ ಪಿನ್ನಿಗೆ ಒಂದು ವೈರಿನಿಂದ ಜೋಡಿಸಿದರೆ ಹೊತ್ತಿಗೆ ಸರಿಯಾಗಿ ತಾನೇ ಏಳುತ್ತದೆ. ಹಾಗಾದರೆ ಬ್ಯಾಟರಿ ವರ್ಷಗಟ್ಟಲೆ ಬರಬೇಕಲ್ವಾ? ಬರಲ್ಲ. ಚಿಪ್ ಮಲಗಿದರೂ ಬೋರ್ಡ್ ಮಲಗಿರುವುದಿಲ್ಲ. ಅದರ ಮೇಲಿರುವ, ವೋಲ್ಟೇಜನ್ನು ಚಿಪ್ಪಿಗೆ ಬೇಕಾದಷ್ಟಕ್ಕೆ ಇಳಿಸುವ ಎಎಂಎಸ್1117 ರೆಗ್ಯುಲೇಟರ್ ಸುಮ್ನೆ ಕೂತಿರೋಕೇ 5 ಮಿಲಿಆಂಪ್ ತಿನ್ನುತ್ತದೆ. ಇಪ್ಪತ್ತು ದಿನಕ್ಕೆ ಸೆಲ್ ಮುಗಿಯಿತು. ಬೋರ್ಡಿನಲ್ಲಿ ಪವರ್ ಎಲ್‌ಇಡಿ ಇದ್ದರೆ ಇನ್ನೂ ಬೇಗ. ಎಷ್ಟೋ ಜನ ಚಿಪ್ಪನ್ನೇ ಬೈದು ಪ್ರಾಜೆಕ್ಟನ್ನು ಡಬ್ಬಿಗೆ ಹಾಕುವುದು ಈ ಹಂತದಲ್ಲೇ.

ಪರಿಹಾರಕ್ಕೆ ಜಾಸ್ತಿ ಖರ್ಚಿಲ್ಲ. ಬೋರ್ಡ್ ಬಿಟ್ಟು, ಚಿಪ್ ಕೂರಿಸಿದ ಪುಟ್ಟ ಮಾಡ್ಯೂಲ್ ಮಾತ್ರ ತಗೊಳ್ಳಿ. 3.2 ವೋಲ್ಟಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಆದರೆ ರೆಗ್ಯುಲೇಟರ್ ಇಲ್ಲದೆ ನೇರವಾಗಿ ಜೋಡಿಸಬಹುದು. ಬಿಸಿಲಿನ ತಾರಸಿಗೂ ಮಾಮೂಲಿ ಲಿಥಿಯಂ ಸೆಲ್‌ಗಿಂತ ಇದೇ ವಾಸಿ. ವೈಫೈ ಕಳಿಸುವ ಕ್ಷಣದಲ್ಲಿ 170 ಮಿಲಿಆಂಪ್‌ವರೆಗೂ ಎಳೆಯುವುದರಿಂದ ಪಕ್ಕದಲ್ಲಿ, ಆ ಕ್ಷಣಕ್ಕೆ ಕರೆಂಟ್ ಕೂಡಿಟ್ಟು ಕೊಡುವ ಒಂದು ದೊಡ್ಡ ಕೆಪಾಸಿಟರ್ ಇರಲಿ.

ಇನ್ನು ವೈಫೈ. ಎರಡಕ್ಷರ ಹೇಳಿ ಬರೋಕೆ ಹೋದವನು ಕೂತು ಕಾಫಿ ಕುಡಿದು, ಊರ ಸುದ್ದಿಯೆಲ್ಲ ಮಾತಾಡಿ ಬಂದ ಹಾಗೆ ಇದರ ಕಥೆ. "ಟ್ಯಾಂಕ್ ತುಂಬಿದೆ" ಅನ್ನೋಕೆ ಬೇಕಿರುವುದು ಕೆಲವೇ ಮಿಲಿಸೆಕೆಂಡ್. ಆದರೆ ರೂಟರ್ ಹುಡುಕಿ, ಪಾಸ್‌ವರ್ಡ್ ಒಪ್ಪಿಸಿ, ಐಪಿ ವಿಳಾಸ ಪಡೆಯೋಕೆ ಮೂರು ನಾಲ್ಕು ಸೆಕೆಂಡ್ ಹೋಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಎದ್ದರೆ ದಿನಕ್ಕೆ ಸುಮಾರು 12 ಎಂಎಎಚ್ ಬರೀ ಇದಕ್ಕೇ. ಎಸ್ಪ್ರೆಸಿಫ್‌ನದೇ ಇಎಸ್‌ಪಿ-ನೌ ಅನ್ನುವ ವಿಧಾನ ಬಳಸಿದರೆ ರೂಟರ್ ಗೊಡವೆಯೇ ಇಲ್ಲ. ಒಂದು ಇಎಸ್‌ಪಿ ಇನ್ನೊಂದಕ್ಕೆ ನೇರವಾಗಿ ಹೇಳಿ ಮಲಗುತ್ತದೆ. ಕೆಳಗೆ ಪ್ಲಗ್ಗಿಗೆ ಹಾಕಿರುವ ಇನ್ನೊಂದು ಅದನ್ನು ಕೇಳಿಸಿಕೊಂಡು ಪುಟ್ಟ ಸಂದೇಶ ಸಾಗಿಸುವ ಎಂಕ್ಯೂಟಿಟಿ ಪ್ರೋಟೊಕಾಲ್ ಮೂಲಕ, ಮನೆಯ ಸಾಧನಗಳನ್ನೆಲ್ಲ ನೋಡಿಕೊಳ್ಳುವ ಹೋಮ್ ಅಸಿಸ್ಟೆಂಟ್ ಸಾಫ್ಟ್‌ವೇರ್‌ಗೆ ದಾಟಿಸುತ್ತದೆ. ಅಂದ ಹಾಗೆ ಈ ಎಂಕ್ಯೂಟಿಟಿ 1999ರಲ್ಲಿ ಹುಟ್ಟಿದ್ದು ತೈಲದ ಪೈಪ್‌ಲೈನ್‌ಗಳನ್ನು ಸ್ಯಾಟಲೈಟ್ ಮೂಲಕ ಗಮನಿಸೋಕೆ. ಅಲ್ಲೂ ಚಿಂತೆ ಇದೇ, ಒಂದೊಂದು ಬೈಟ್ ಕಳಿಸೋಕೂ ದುಡ್ಡು.

ನನಗೆ ಅರ್ಥವಾಗದ್ದು ಇನ್ನೊಂದಿದೆ. ಟ್ಯಾಂಕಿನಲ್ಲಿ 63% ನೀರಿದೆ ಅಂತ ಯಾರಿಗೆ ತಿಳಿಯಬೇಕು? ಅದಕ್ಕಾಗಿ ಪ್ರತಿಧ್ವನಿಯಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಹಾಕುತ್ತಾರೆ. ಒಳಗಿನ ತೇವಕ್ಕೆ ಅಗ್ಗದ್ದು ಕೆಡುತ್ತದೆ. ವಾಟರ್‌ಪ್ರೂಫ್ ತಂದರೆ ಅದಕ್ಕೆ ಇಪ್ಪತ್ತು ಸೆಂಟಿಮೀಟರ್ ಒಳಗಿನದ್ದು ಕಾಣಲ್ಲ. ಬೇಕಿರುವುದು ಎರಡೇ ಸುದ್ದಿ: ತುಂಬಿತು, ಖಾಲಿಯಾಗ್ತಿದೆ. ನೀರಲ್ಲಿ ತೇಲುವ ಎರಡು ಫ್ಲೋಟ್ ಸ್ವಿಚ್ ಸಾಕು. ಒಳಗೊಂದು ಆಯಸ್ಕಾಂತ, ಅದು ಹತ್ತಿರ ಬಂದಾಗ ಬದಲಾಗುವ ಒಂದು ರೀಡ್ ಸ್ವಿಚ್, ಅಷ್ಟೇ. ಅವು ತಾವಾಗಿ ಕರೆಂಟ್ ತಿನ್ನುವುದಿಲ್ಲ. ಇಎಸ್‌ಪಿ ಬದಲು ಆರ್ಡುಯಿನೊ ಉನೊ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್ಪನ್ನು ಬೋರ್ಡ್ ಇಲ್ಲದೆ ಬಳಸಿದರೆ, ಸ್ವಿಚ್ ಬದಲಾದಾಗ ಮಾತ್ರ ಎಬ್ಬಿಸಬಹುದು. ಉಳಿದ ಹೊತ್ತು ಒಂದು ಮೈಕ್ರೋಆಂಪ್‌ಗಿಂತ ಕಮ್ಮಿಯಲ್ಲಿ ಮಲಗಿರುತ್ತದೆ. ಸುದ್ದಿ ಕಳಿಸೋಕೆ ಜೊತೆಗಿಡುವ ಎನ್‌ಆರ್‌ಎಫ್24ಎಲ್01 ಪ್ಲಸ್ ರೇಡಿಯೊ ಕೂಡ ಹಾಗೇ. ಪೂರ್ತಿ ಮೌನವಾದರೆ ಬ್ಯಾಟರಿ ಸತ್ತದ್ದೂ ಗೊತ್ತಾಗಲ್ಲ. ಅದಕ್ಕೆ ಕೆಲವು ಗಂಟೆಗೊಮ್ಮೆ "ಇದ್ದೀನಿ" ಅನ್ನುವ ಒಂದು ಸಂದೇಶ ಕಳಿಸಲಿ. ಟೈಮರಿಗೆ ಇನ್ನೊಂದೈದು ಮೈಕ್ರೋಆಂಪ್ ಹೋದರೆ ಹೋಗಲಿ.

ಆಟೊಮೇಷನ್‌ನಿಂದ ಕರೆಂಟ್ ಬಿಲ್ ಇಳಿಯುತ್ತೆ ಅನ್ನುವವರಿಗೆ ಒಂದು ಲೆಕ್ಕ. ಹಗಲು ರಾತ್ರಿ 1 ವಾಟ್ ತಿನ್ನುವ ಸಾಧನ ವರ್ಷಕ್ಕೆ 8.76 ಯೂನಿಟ್ ತಿನ್ನುತ್ತದೆ. ಅಂಥ ಹತ್ತು ಹಾಕಿದರೆ ಹೆಚ್ಚುಕಮ್ಮಿ 88 ಯೂನಿಟ್, ಬರೀ ಕಾದು ಕೂತಿದ್ದಕ್ಕೆ! ಅದರ ಬದಲು 75 ವಾಟಿನ ಒಂದು ಹಳೆ ಫ್ಯಾನ್ ತೆಗೆದು 30 ವಾಟಿನ ಬಿಎಲ್‌ಡಿಸಿ ಮೋಟರಿನ (ಕಮ್ಮಿ ಕರೆಂಟ್ ತಿನ್ನುವ) ಫ್ಯಾನ್ ಹಾಕಿ. ದಿನಕ್ಕೆ ಹತ್ತು ಗಂಟೆ ತಿರುಗಿದರೆ ವರ್ಷಕ್ಕೆ 160 ಯೂನಿಟ್ ಮೇಲೆ ಉಳಿಯುತ್ತದೆ. ಕೋಡ್ ಬರೆಯುವ ಕೆಲಸವೂ ಇಲ್ಲ.

ಮೋಟರ್ ಕಡೆ ಮಾತ್ರ ಜುಗ್ಗತನ ಬೇಡ. ಬೋರ್ಡಿಗೆ ಜೋಡಿಸುವ ನೀಲಿ ರಿಲೇ (ಚಿಪ್ ಹೇಳಿದಂತೆ ಆನ್-ಆಫ್ ಆಗುವ ಸ್ವಿಚ್) ಮೇಲೆ 10 ಆಂಪ್ ಅಂತ ಬರೆದಿದ್ದರೂ ಅದನ್ನು ನಂಬಿ ಒಂದು ಎಚ್‌ಪಿ ಮೋಟರ್ ಕಟ್ಟಬೇಡಿ. ಶುರುವಾಗುವಾಗ ಮೋಟರ್ ಹಲವು ಪಟ್ಟು ಎಳೆಯುತ್ತದೆ, ರಿಲೇಯ ಕಾಂಟ್ಯಾಕ್ಟ್ ಅಂಟಿಕೊಳ್ಳುತ್ತದೆ. ಮೋಟರಿನಂಥ ಭಾರಕ್ಕೇ ಮಾಡಿದ ದೊಡ್ಡ ರಿಲೇ, ಅಂದರೆ ಕಾಂಟ್ಯಾಕ್ಟರ್ ಹಾಕಿ, 230 ವೋಲ್ಟಿನ ಕೆಲಸ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ಮೇಲಿನಿಂದ ಸುದ್ದಿ ಬರಲಿ ಬಿಡಲಿ, ಟ್ಯಾಂಕ್ ತುಂಬೋಕೆ ಬೇಕಾದ ಹೊತ್ತು ದಾಟಿದ ಮೇಲೆ ಮೋಟರ್ ತಾನೇ ನಿಲ್ಲುವಂತೆ ಕೆಳಗಿನ ಬೋರ್ಡಿನಲ್ಲೇ ಬರೆದಿಡಿ. ಹಳೆಯ ಸ್ವಿಚ್ ಅಲ್ಲೇ ಇರಲಿ. ನೀವು ಊರಲ್ಲಿಲ್ಲದ ದಿನ ನೀರು ಬಿಡೋಕೆ ಅಮ್ಮ ನಿಮಗೆ ಫೋನ್ ಮಾಡುವ ಹಾಗಾಗಬಾರದು.